ಎಣ್ಣೆಯ ಮಟ್ಟ ಏರಿದ ಬೋಟು: ಮಲ್ಪೆಯ ಒಂದು ಹೈಡ್ರಾಲಿಕ್ ವಿಂಚಿನ ಪ್ರಕರಣ

ಆಗಸ್ಟ್ ನಡುವಿನಲ್ಲಿ ಮಲ್ಪೆಯಿಂದ ಹೊರಟ 70 ಅಡಿಯ ಆಳಸಮುದ್ರ ಟ್ರಾಲ್ ಬೋಟೊಂದು ನಾಲ್ಕನೇ ದಿನವೇ ದಕ್ಕೆಗೆ (ಬೋಟು ಕಟ್ಟುವ ಬಂದರಿನ ಕಟ್ಟೆಗೆ) ವಾಪಸಾಯಿತು. ಡೀಸೆಲ್ ಇತ್ತು, ಐಸ್ ಕರಗಿರಲಿಲ್ಲ, ಮೀನೂ ಸಿಗುತ್ತಿತ್ತು. ಎಣ್ಣೆಯ ಒತ್ತಡದಿಂದ ಓಡುವ, ಬಲೆ ಎಳೆಯುವ ಹೈಡ್ರಾಲಿಕ್ ವಿಂಚ್ ಮಾತ್ರ ಸೋತಿತ್ತು. ಬೆಳಗಿನ ಮೊದಲ ಎಳೆತದಲ್ಲಿ 300 ಮೀಟರ್ ರೋಪು ಸುಮಾರು 11 ನಿಮಿಷದಲ್ಲಿ ಡ್ರಮ್ಮಿಗೆ ಸುತ್ತಿಕೊಳ್ಳುತ್ತಿತ್ತು. ಮೂರನೇ ಎಳೆತದ ಹೊತ್ತಿಗೆ ಅದೇ ಕೆಲಸಕ್ಕೆ 17 ನಿಮಿಷ ಹಿಡಿಯುತ್ತಿತ್ತು. ಎಣ್ಣೆ ಟ್ಯಾಂಕಿನ ಮೇಲೆ ಕೈ ಇಟ್ಟರೆ ಸುಡುತ್ತಿತ್ತು, ಪಂಪಿನಿಂದ ಕಲ್ಲು ಅರೆದಂಥ ಸದ್ದು ಬರುತ್ತಿತ್ತು.

ಬೋಟು ನಡೆಸುವ ತಾಂಡೇಲರು ದಕ್ಕೆಯಲ್ಲಿ ಹೇಳಿದ ಮೊದಲ ಮಾತು: "ಎಣ್ಣೆ ಲೀಕ್ ಇಲ್ಲ ಮಾರಾಯ್ರೆ, ಒಂಚೂರೂ ಕಮ್ಮಿ ಆಗ್ಲಿಲ್ಲ." ಅವರು ಹೇಳಿದ್ದು ಸರಿಯೇ. ಎಣ್ಣೆ ಕಮ್ಮಿ ಆಗುವುದಿರಲಿ, ಗೇಜಿನಲ್ಲಿ ಐದು ಸೆಂಟಿಮೀಟರ್ ಮೇಲೇರಿತ್ತು. ಯಾರೂ ಎಣ್ಣೆ ಹಾಕದೆ ಮಟ್ಟ ಏರಿದ್ದು ಹೇಗೆ ಎಂದು ಸಮುದ್ರದಲ್ಲಿದ್ದಾಗ ಒಬ್ಬರೂ ಕೇಳಿರಲಿಲ್ಲ. ಈ ಪ್ರಕರಣದ ಬೀಗದ ಕೈ ಅದೇ ಪ್ರಶ್ನೆ.

ಬೋಟಿನಲ್ಲಿದ್ದ ವ್ಯವಸ್ಥೆ

ಮೇನ್ ಎಂಜಿನ್ನಿನ ಮುಂದಿನ ಪುಲ್ಲಿಯಿಂದ ಬೆಲ್ಟು, ಬೆಲ್ಟಿನಿಂದ ಕ್ಲಚ್ಚು, ಕ್ಲಚ್ಚಿನಿಂದ ಗೇರ್ ಪಂಪು. ಪಂಪು ಒಂದು ಸುತ್ತಿಗೆ 50 ಸಿಸಿ ಎಣ್ಣೆ ದೂಡುತ್ತದೆ. 1500 ಆರ್‌ಪಿಎಂನಲ್ಲಿ ಲೆಕ್ಕದ ಪ್ರಕಾರ ನಿಮಿಷಕ್ಕೆ 75 ಲೀಟರ್. ಹೊಸ ಪಂಪಿನಲ್ಲೂ ಸ್ವಲ್ಪ ಒಳಸೋರಿಕೆ ಇರುವುದರಿಂದ ಕೈಗೆ ಸಿಗುವುದು 70 ಲೀಟರ್. ಅದು ಕಂಟ್ರೋಲ್ ವಾಲ್ವ್ ದಾಟಿ ಎಣ್ಣೆ ನುಗ್ಗಿದಾಗ ತಿರುಗುವ 400 ಸಿಸಿಯ ಆರ್ಬಿಟಲ್ ಮೋಟಾರಿಗೆ ಹೋಗುತ್ತದೆ. ಮೋಟಾರಿನಿಂದ ವೇಗವನ್ನು ಐದನೇ ಒಂದಕ್ಕೆ ಇಳಿಸುವ ಗೇರು, ಅದರಾಚೆ ಎರಡು ಡ್ರಮ್ಮುಗಳಿರುವ ಶಾಫ್ಟು. ಒತ್ತಡ ಮಿತಿಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವನ್ನು 160 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ಕೂರಿಸಿದ್ದು. ಟ್ಯಾಂಕಿನಲ್ಲಿ 200 ಲೀಟರ್ ಎಣ್ಣೆ. ವಾಪಸು ಬರುವ ಎಣ್ಣೆ ಕೂಲರಿನಲ್ಲಿ ತಣಿದು, ಫಿಲ್ಟರ್ ಹಾದು ಟ್ಯಾಂಕಿಗೆ ಸೇರುತ್ತದೆ. ಕೂಲರಿನ 44 ತಾಮ್ರದ ಕೊಳವೆಗಳೊಳಗೆ ಸಮುದ್ರದ ನೀರು ಹರಿಯುತ್ತದೆ, ಹೊರಗಿನಿಂದ ಎಣ್ಣೆ ಸುತ್ತುತ್ತದೆ.

ಲೆಕ್ಕ ಮಾಡಿ ನೋಡಿದರೆ 140 ಬಾರ್ ಒತ್ತಡದಲ್ಲಿ ಮೋಟಾರು ಸುಮಾರು 800 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ. ಗೇರು ದಾಟಿ ಡ್ರಮ್ಮಿಗೆ ಸಿಗುವುದು 3800. ರೋಪು ಅರ್ಧ ಸುತ್ತಿಕೊಂಡಾಗ ಡ್ರಮ್ಮಿನ ತ್ರಿಜ್ಯ 15 ಸೆಂ.ಮೀ. ಎಂದು ಹಿಡಿದರೆ ಎಳೆತ ಎರಡೂವರೆ ಟನ್ನಿಗೆ ತುಸು ಮೇಲೆ, ವೇಗ ನಿಮಿಷಕ್ಕೆ ಸುಮಾರು 31 ಮೀಟರ್. ರೋಪು ಸುತ್ತಿದಷ್ಟೂ ಡ್ರಮ್ಮು ದಪ್ಪಗಾಗಿ ವೇಗ ಏರುತ್ತದೆ, ಎಳೆಯುವ ಬಲ ಇಳಿಯುತ್ತದೆ. ಕೊನೆಯ ಸುತ್ತುಗಳಲ್ಲಿ ವಿಂಚ್ ಸುಸ್ತಾದಂತೆ ಕಂಡರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ.

ಚೈನು ಮತ್ತು ಗೇರಿನಿಂದ ನೇರ ಎಂಜಿನ್ನಿಗೆ ಜೋಡಿಸಿದ ವಿಂಚುಗಳ ಬದಲು ಇಂಥದ್ದನ್ನು ಕೂರಿಸುವುದಕ್ಕೆ ಒಂದೇ ದೊಡ್ಡ ಕಾರಣ ಸಾಕು. ಬಲೆ ತಳದ ಕಲ್ಲಿಗೆ ಸಿಕ್ಕಿಕೊಂಡಾಗ ಚೈನಿನ ವಿಂಚ್ ಎಳೆಯುತ್ತಲೇ ಇರುತ್ತದೆ. ರೋಪು ತುಂಡಾಗಬೇಕು, ಇಲ್ಲವೇ ಶಾಫ್ಟು ಮುರಿಯಬೇಕು. ಹೈಡ್ರಾಲಿಕ್ ವಿಂಚಿನಲ್ಲಿ 160 ಬಾರ್ ಮುಟ್ಟುತ್ತಲೇ ರಿಲೀಫ್ ವಾಲ್ವ್ ತೆರೆದು ಎಣ್ಣೆ ಟ್ಯಾಂಕಿಗೆ ಮರಳುತ್ತದೆ, ಡ್ರಮ್ಮು ನಿಲ್ಲುತ್ತದೆ, ಏನೂ ಮುರಿಯುವುದಿಲ್ಲ.

ಸಮುದ್ರದಲ್ಲಿ ಮಾಡಿದ ತಪ್ಪು ಮದ್ದು

ವಿಂಚ್ ನಿಧಾನವಾದಾಗ ಬೋಟಿನವರು ಮಾಡಿದ್ದು ರಿಲೀಫ್ ವಾಲ್ವಿನ ಸ್ಕ್ರೂ ಬಿಗಿ ಮಾಡುವುದು. ಎಲ್ಲರೂ ಮಾಡುವುದು ಅದನ್ನೇ. ಒಂದೂವರೆ ಸುತ್ತು ತಿರುಗಿಸಿದರೂ ವೇಗ ಹೆಚ್ಚಲಿಲ್ಲ. ಹೆಚ್ಚುವುದು ಸಾಧ್ಯವೂ ಇರಲಿಲ್ಲ.

ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಎಣ್ಣೆಯನ್ನು ದೂಡುತ್ತದೆ ಅಷ್ಟೇ. ಆ ಎಣ್ಣೆಯ ದಾರಿಗೆ ಹೊರೆ ಅಡ್ಡ ಬಂದಾಗ ಒತ್ತಡ ಹುಟ್ಟುತ್ತದೆ. ಖಾಲಿ ಡ್ರಮ್ಮು ತಿರುಗಿಸುವಾಗ ಗೇಜು 20 ಬಾರ್ ತೋರಿಸಿದರೆ ಪಂಪು ಕೆಟ್ಟಿದೆ ಎಂದು ಅರ್ಥವಲ್ಲ, ಎಳೆಯಲು ಏನೂ ಇಲ್ಲ ಎಂದು ಅರ್ಥ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ವಿಂಚ್ ನಿಧಾನವೋ, ಬಲ ಸಾಲದೋ? ನಿಧಾನವಾದರೆ ಹರಿವು ಕಮ್ಮಿಯಾಗಿದೆ. ಪಂಪು, ಪಂಪಿಗೆ ಎಣ್ಣೆ ಎಳೆಯುವ ಬಾಯಿಯ ಸಕ್ಷನ್ ಜಾಲರಿ, ಒಳಸೋರಿಕೆ ನೋಡಬೇಕು. ಭಾರ ಬಂದ ಕೂಡಲೇ ಪೂರ್ತಿ ನಿಲ್ಲುತ್ತದೆ ಎಂದಾದರೆ ಒತ್ತಡ ಏರುತ್ತಿಲ್ಲ. ಆಗ ರಿಲೀಫ್ ವಾಲ್ವನ್ನು ಸಂಶಯಿಸಬಹುದು. ಈ ಬೋಟಿನದು ನಿಧಾನದ ಕಾಯಿಲೆ, ಕೊಟ್ಟ ಮದ್ದು ಬಲದ್ದು.

ಬಿಗಿ ಮಾಡಿದ ಸ್ಕ್ರೂ ಆಮೇಲೆ ಅಪಾಯವನ್ನೂ ತರಬಹುದಿತ್ತು. ದಕ್ಕೆಯಲ್ಲಿ ಗೇಜ್ ಹಾಕಿ ನೋಡಿದಾಗ ಅದು 210 ಬಾರ್‌ಗೆ ನಿಂತಿತ್ತು. ಅಲ್ಲಿನ ಮುಕ್ಕಾಲು ಇಂಚಿನ ಎರಡು ತಂತಿಪದರದ ಹೋಸಿನ ಕೆಲಸದ ಮಿತಿಯೇ 215. ಸೋತ ಪಂಪಿನಲ್ಲಿ ಏನೂ ಆಗದಿದ್ದರೂ ಹೊಸ ಪಂಪು ಕೂರಿಸಿದ ದಿನ ರೋಪಿನ ಮೇಲೆ ನಾಲ್ಕು ಟನ್ನಿನ ಹತ್ತಿರ ಎಳೆತ ಬೀಳುತ್ತಿತ್ತು. ತುಂಡಾದ ಉಕ್ಕಿನ ರೋಪು ಡೆಕ್ಕಿನ ಮೇಲೆ ಬೀಸಿ ಬರುವಾಗ ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ನೊರೆಯೋ, ನೀರೋ?

ಟ್ಯಾಂಕಿನ ಎಣ್ಣೆ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಮಳೆಗಾಲದ ತೆರೆಗೆ ಬೋಟು ಓಲಾಡುವಾಗ ಸಕ್ಷನ್ ಪೈಪು ಗಾಳಿ ಎಳೆದರೂ ಎಣ್ಣೆ ಹೀಗೇ ಬಿಳಚುತ್ತದೆ. ಎರಡನ್ನೂ ಬೇರೆ ಮಾಡಲು ಪ್ರಯೋಗಾಲಯ ಬೇಡ. ಗಾಜಿನ ಬಾಟ್ಲಿಯಲ್ಲಿ ಎಣ್ಣೆ ತುಂಬಿ ಅಲುಗಾಡಿಸದೆ ಇಟ್ಟರೆ, ಗಾಳಿಯ ನೊರೆ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಗಂಟೆಯೊಳಗೆ ಇಳಿಯುತ್ತದೆ. ಇಲ್ಲಿ ರಾತ್ರಿಯಿಡೀ ಇಟ್ಟರೂ ಬಣ್ಣ ಬದಲಾಗಲಿಲ್ಲ. ಅಡುಗೆಯ ಕಾವಲಿಯನ್ನು ಚೆನ್ನಾಗಿ ಕಾಯಿಸಿ ಎರಡು ಹನಿ ಬಿಟ್ಟದ್ದಕ್ಕೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯಿತು. ಒಣ ಎಣ್ಣೆ ಸಿಡಿಯುವುದಿಲ್ಲ, ಹೊಗೆಯಾಡುತ್ತದೆ ಅಷ್ಟೇ. ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಈ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮುಖವನ್ನು ದೂರ ಇಟ್ಟುಕೊಳ್ಳಬೇಕು.

ಯಾವ ನೀರು ಎಂಬುದು ಮುಂದಿನ ಪ್ರಶ್ನೆ. ಮಳೆನೀರೋ, ಟ್ಯಾಂಕಿನ ಒಳಗೋಡೆಯಲ್ಲಿ ಬೆವರಿದ ನೀರೋ, ಸಮುದ್ರದ್ದೋ? ಟ್ಯಾಂಕಿನ ತಳದ ಪ್ಲಗ್ ತೆಗೆದಾಗ ಸುಮಾರು ನಾಲ್ಕು ಲೀಟರ್ ನೀರು ಬೇರೆಯಾಗಿ ಬಂತು. ಅದಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣದ ಕೆಲವು ಹನಿ ಹಾಕಿದ ಕೂಡಲೇ ಮೊಸರು ಒಡೆದಂತೆ ಬಿಳಿ ಗಸಿ ಕಟ್ಟಿತು. ಅಂದರೆ ಉಪ್ಪುನೀರು. ನಾಲಿಗೆಗೆ ಮುಟ್ಟಿಸಿ ನೋಡಿದರೆ ಬೇಗ ತಿಳಿಯುತ್ತದೆ ಎಂದು ಒಬ್ಬರು ಕೈಹಾಕಿದ್ದರು. ಹೈಡ್ರಾಲಿಕ್ ಎಣ್ಣೆ ಬೆರೆತ ನೀರಿಗೆ ಆ ಉಪಾಯ ಬೇಡ. ಟ್ಯಾಂಕಿಗೆ ಗಾಳಿ ಆಡಲು ಇರುವ ಬ್ರೀದರ್ ಎತ್ತರದಲ್ಲಿದ್ದು ಅದರ ಮುಚ್ಚಳ ಸರಿಯಾಗಿಯೇ ಇತ್ತು. ಉಳಿದದ್ದು ಕೂಲರ್.

ಟ್ಯಾಂಕಿನ ತಳ 80 ಸೆಂ.ಮೀ. ಉದ್ದ, 60 ಅಗಲ. ಐದು ಸೆಂಟಿಮೀಟರ್ ಏರಿಕೆ ಎಂದರೆ 24 ಲೀಟರ್. ಬಂದದ್ದು 24, ತಳದಲ್ಲಿ ಬೇರೆಯಾಗಿ ಸಿಕ್ಕಿದ್ದು ನಾಲ್ಕು. ಉಳಿದದ್ದು ಎಣ್ಣೆಯಲ್ಲೇ ಬೆರೆತುಕೊಂಡಿತ್ತು. ಕಾರಣ ಕೆದಕಿದಾಗ ಸಿಕ್ಕಿತು: ಸೀಸನ್ ಶುರುವಿಗೆ ಮುನ್ನ ಟ್ಯಾಂಕಿಗೆ 20 ಲೀಟರ್ ಕಡಿಮೆ ಬಿದ್ದದ್ದಕ್ಕೆ ಕೈಯಲ್ಲಿದ್ದ 15ಡಬ್ಲ್ಯೂ-40 ಎಂಜಿನ್ ಆಯಿಲ್ ಹಾಕಲಾಗಿತ್ತು. ಎಂಜಿನ್ ಆಯಿಲಿನಲ್ಲಿ ಮಸಿ ಮತ್ತು ಕೊಳೆಯನ್ನು ಹಿಡಿದಿಟ್ಟುಕೊಳ್ಳುವ ಡಿಟರ್ಜೆಂಟ್ ಇರುತ್ತದೆ. ಅದೇ ಗುಣ ನೀರನ್ನೂ ಹಿಡಿದುಕೊಳ್ಳುತ್ತದೆ. ಹೈಡ್ರಾಲಿಕ್ ಎಣ್ಣೆಯನ್ನು ತಯಾರಿಸುವುದು ಇದಕ್ಕೆ ಉಲ್ಟಾ ಗುಣಕ್ಕೆ, ನೀರನ್ನು ಬಿಟ್ಟುಕೊಟ್ಟು ತಳಕ್ಕೆ ಇಳಿಸುವುದಕ್ಕೆ. ಶುದ್ಧ ಹೈಡ್ರಾಲಿಕ್ ಎಣ್ಣೆ ಮಾತ್ರ ಇದ್ದಿದ್ದರೆ ದಿನಾ ಬೆಳಿಗ್ಗೆ ತಳದ ಪ್ಲಗ್ ಸಡಿಲಿಸಿ ಬಹುಪಾಲು ನೀರು ಬಸಿಯಬಹುದಿತ್ತು, ಪಂಪೂ ಉಳಿಯುತ್ತಿತ್ತೇನೋ.

ಎಣ್ಣೆಯ ಒತ್ತಡ ಹೆಚ್ಚಿರುವಾಗ ನೀರು ಒಳಬಂದದ್ದು ಹೇಗೆ?

ಕೂಲರ್ ತೂತಾಗಿದೆ ಎಂದಾಗ ಬೋಟಿನ ಮಾಲೀಕರು ಒಪ್ಪಲಿಲ್ಲ. ಅವರ ತರ್ಕ ಗಟ್ಟಿಯಾಗಿತ್ತು: ವಾಪಸು ಲೈನಿನ ಎಣ್ಣೆಯ ಒತ್ತಡ ಎರಡು-ಮೂರು ಬಾರ್, ಸಮುದ್ರದ ನೀರಿನದು ಒಂದು ಬಾರ್. ತೂತಾದರೆ ಎಣ್ಣೆ ಹೊರಹೋಗಬೇಕು, ನೀರು ಒಳಬರುವುದೆಂತು?

ವಿಂಚ್ ಓಡುವಾಗ ನಿಜಕ್ಕೂ ಹಾಗೇ ಆಗುತ್ತದೆ. ಆದರೆ ವಿಂಚ್ ಓಡುವುದು ದಿನಕ್ಕೆ ಒಂದು ಗಂಟೆ. ಉಳಿದ ಹೊತ್ತಲ್ಲಿ ಬೋಟು ಬಲೆ ಹಿಡಿದುಕೊಂಡು ಎರಡೂವರೆ ಮೂರು ಗಂಟೆ ಹೋಗುತ್ತಲೇ ಇರುತ್ತದೆ. ಆಗ ಕ್ಲಚ್ ಬಿಟ್ಟಿರುತ್ತದೆ, ಹೈಡ್ರಾಲಿಕ್ ಪಂಪು ನಿಂತಿರುತ್ತದೆ, ಕೂಲರಿನ ಎಣ್ಣೆಯ ಕಡೆ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ನೀರಿನ ಪಂಪು ಮಾತ್ರ ಮೇನ್ ಎಂಜಿನ್ನಿನ ಬೆಲ್ಟಿನಲ್ಲಿ ತಿರುಗುತ್ತಲೇ ಇರುತ್ತದೆ. ಸೋರುವ ಜಾಗಗಳೆಲ್ಲ ಸೇರಿ 0.2 ಮಿಲಿಮೀಟರಿನ ಒಂದು ತೂತಿನಷ್ಟಿದ್ದರೆ ಒಂದು ಬಾರ್ ಒತ್ತಡಕ್ಕೆ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ನುಗ್ಗುತ್ತದೆ. ದಿನಕ್ಕೆ ಹತ್ತು ಗಂಟೆ ಒಳಗೆ, ಒಂದು ಗಂಟೆ ಹೊರಗೆ. ಮೂರು ದಿನದಲ್ಲಿ 24 ಲೀಟರಿನ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ಸೂಕ್ಷ್ಮ. ನೀರಿನ ಹರಿವು ಕಡಿಮೆ ಮಾಡಲು ಯಾರೋ ಕೂಲರಿನ ಹೊರದಾರಿಯ ವಾಲ್ವನ್ನು ಅರ್ಧ ಮುಚ್ಚಿದ್ದರು. ಹಾಗೆ ಮಾಡಿದರೆ ಪಂಪಿನ ಪೂರ್ತಿ ಒತ್ತಡ ಕೂಲರಿನೊಳಗೇ ಕೂರುತ್ತದೆ. ಒಳದಾರಿಯ ವಾಲ್ವನ್ನು ಮುಚ್ಚಿ ಹೊರದಾರಿಯನ್ನು ಪೂರ್ತಿ ಬಿಟ್ಟಿದ್ದರೆ ಹರಿವು ಅಷ್ಟೇ ಇಳಿಯುತ್ತಿತ್ತು, ಕೂಲರಿನೊಳಗಿನ ಒತ್ತಡ ಮಾತ್ರ ಸೊನ್ನೆಯ ಹತ್ತಿರ ಇರುತ್ತಿತ್ತು.

ಕೂಲರಿನ ಎರಡೂ ಬದಿಯ ಮುಚ್ಚಳ ಬಿಚ್ಚಿ, ಎಣ್ಣೆಯ ಕಡೆಗೆ 4 ಬಾರ್ ಗಾಳಿ ತುಂಬಿ, ಕೊಳವೆಗಳ ಬಾಯಿಗೆ ಸೋಪುನೀರು ಸವರಿದಾಗ ಮೂರು ಕೊಳವೆಗಳಲ್ಲಿ ಗುಳ್ಳೆ ಬಂತು. ಮೂರೂ ಅತ್ಯಂತ ಕೆಳಗಿನ ಸಾಲಿನವು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಕಟ್ಟಿ ನಿಂತಾಗ ಕೂಲರಿನ ನೀರು ಬಸಿಯದೆ ಉಳಿದಿತ್ತು. ಹೊಳೆ ಸೇರುವ ಮಳೆಗಾಲದ ಬಂದರಿನ ನೀರಿನಲ್ಲಿ ಕೆಸರು ಹೆಚ್ಚು. ಕೆಸರು ತಳದ ಕೊಳವೆಗಳಲ್ಲಿ ಕೂತು, ಅದರೊಳಗಿನ ಜೀವಿಗಳು ಕೊಳೆತು ಸಲ್ಫೈಡ್ ಹುಟ್ಟುತ್ತದೆ. ತಾಮ್ರಕ್ಕೆ ಸಲ್ಫೈಡ್ ವಿಷ. ಮೇಲ್ಮೈ ಸಮವಾಗಿ ಸವೆಯುವುದಿಲ್ಲ, ಅಲ್ಲಲ್ಲಿ ಸೂಜಿಮೊನೆಯಂಥ ಗುಳಿ ಬಿದ್ದು ಆಳಕ್ಕೆ ಇಳಿಯುತ್ತದೆ. ತಾಮ್ರದ ಬದಲು ತಾನು ಸವೆಯಲೆಂದು ಮುಚ್ಚಳದಲ್ಲಿ ಇಟ್ಟಿದ್ದ ಸತುವಿನ ಪ್ಲಗ್ ಯಾವತ್ತೋ ಕರಗಿಹೋಗಿ ಹಿತ್ತಾಳೆಯ ತಲೆ ಮಾತ್ರ ಉಳಿದಿತ್ತು.

ನೀರಿನಿಂದ ಎಣ್ಣೆಗೆ ಬಂದ ದಾರಿ

ಹೈಡ್ರಾಲಿಕ್ ಎಂಬ ಹೆಸರಿನಲ್ಲೇ ನೀರಿದೆ. ಗ್ರೀಕಿನ 'ಹೈಡೋರ್' ಎಂದರೆ ನೀರು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪ್ಯಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿದ್ದರೂ, ಅದು ಯಂತ್ರವಾದದ್ದು 1795ರಲ್ಲಿ, ಜೋಸೆಫ್ ಬ್ರಾಮಾ ಲಂಡನ್ನಿನಲ್ಲಿ ಪ್ರೆಸ್ಸಿನ ಪೇಟೆಂಟ್ ಪಡೆದಾಗ. ಪಿಸ್ಟನ್ನಿನ ಸುತ್ತ ನೀರು ಸೋರದಂತೆ ತಡೆಯುವುದೇ ಅಲ್ಲಿನ ನಿಜವಾದ ಕಷ್ಟ. ಒತ್ತಡ ಏರಿದಷ್ಟೂ ತಾನೇ ಅಗಲವಾಗಿ ಬಿಗಿಯುವ ಚರ್ಮದ ಸೀಲು ಅದನ್ನು ಬಗೆಹರಿಸಿತು. 1846ರಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ನ್ಯೂಕ್ಯಾಸಲ್ಲಿನ ಹೊಳೆದಂಡೆಯಲ್ಲಿ ಊರಿನ ಕುಡಿಯುವ ನೀರಿನ ಪೈಪಿನಿಂದಲೇ ಓಡುವ ಕ್ರೇನ್ ನಿಲ್ಲಿಸಿದರು. ಬಂದರಿನ ಹೈಡ್ರಾಲಿಕ್ಸ್ ಶುರುವಾದದ್ದು ಹೀಗೆ, ದಕ್ಕೆಯಲ್ಲೇ. ಲಂಡನ್ನಿನಲ್ಲಂತೂ ಕಂಪನಿಯೊಂದು 1883ರಿಂದ 1977ರ ತನಕ ಬೀದಿಯಡಿಯ ಪೈಪುಗಳಲ್ಲಿ ಸುಮಾರು 55 ಬಾರ್ ಒತ್ತಡದ ನೀರನ್ನು ಕರೆಂಟಿನ ಹಾಗೆ ಮಾರುತ್ತಿತ್ತು. ಲಿಫ್ಟು, ಕ್ರೇನು, ನಾಟಕರಂಗದ ಪರದೆ ಅದರಿಂದ ಓಡುತ್ತಿದ್ದವು.

ನೀರು ಅಗ್ಗ, ಬೆಂಕಿ ಹತ್ತುವುದಿಲ್ಲ. ಆದರೆ ತುಕ್ಕು ಹಿಡಿಸುತ್ತದೆ, ಚಳಿದೇಶದಲ್ಲಿ ಹೆಪ್ಪುಗಟ್ಟುತ್ತದೆ, ಉಜ್ಜುವ ಲೋಹಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ. 1906ರ ಸುಮಾರಿಗೆ ಅಮೆರಿಕದ ಯುದ್ಧನೌಕೆಯ ಫಿರಂಗಿ ತಿರುಗಿಸಲು ಎಣ್ಣೆ ತುಂಬಿದ ಪಿಸ್ಟನ್ ಪಂಪು ಬಂತು. ಆಮೇಲಿನ ಟ್ರ್ಯಾಕ್ಟರಿನ ಲಿಫ್ಟು, ಜೆಸಿಬಿಯ ಕೈ, ಟಿಪ್ಪರಿನ ಜ್ಯಾಕು ಎಲ್ಲ ಎಣ್ಣೆಯ ಸಂತಾನ. ಅಷ್ಟು ಕಷ್ಟಪಟ್ಟು ಹೊರಹಾಕಿದ ನೀರು ಮಲ್ಪೆಯ ಈ ಬೋಟಿನಲ್ಲಿ ಮೂರು ತೂತಿನ ಮೂಲಕ ಮರಳಿ ಬಂದಿತ್ತು. ಅದೂ ಉಪ್ಪು ಬೆರೆತದ್ದು.

ಪಂಪಿಗೆ ಆದದ್ದು

ಫ್ಲೋ ಮೀಟರ್ ಹಾಕಿ 140 ಬಾರ್ ಹೊರೆಯಲ್ಲಿ ಅಳೆದಾಗ ಎಣ್ಣೆ 40 ಡಿಗ್ರಿ ಇದ್ದಾಗ ನಿಮಿಷಕ್ಕೆ 62 ಲೀಟರ್, 70 ಡಿಗ್ರಿ ಮುಟ್ಟಿದಾಗ 40 ಲೀಟರ್. ಬಿಸಿಯಾದ ಮೇಲೆ ಪಂಪಿನೊಳಗೇ 35 ಲೀಟರ್ ಹಿಂದಕ್ಕೆ ಸೋರುತ್ತಿತ್ತು. ಮೋಟಾರಿನ ಮೇಲೂ ಸಂಶಯವಿತ್ತು. ಡ್ರಮ್ಮನ್ನು ಬ್ರೇಕಿನಲ್ಲಿ ಬಿಗಿದು ಒಳದಾರಿಗೆ ಒತ್ತಡ ಕೊಟ್ಟು, ಹೊರದಾರಿಯ ಹೋಸನ್ನು ಬಕೆಟ್ಟಿಗೆ ಬಿಟ್ಟಾಗ ನಿಮಿಷಕ್ಕೆ ಮೂರು ಲೀಟರ್ ಬಂತು. ಮೋಟಾರನ್ನು ಮುಟ್ಟಬೇಕಿರಲಿಲ್ಲ.

ಪಂಪು ಬಿಚ್ಚಿದರೆ ಗೇರಿನ ಎರಡೂ ಪಕ್ಕದ ಪ್ಲೇಟುಗಳಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರು, ಶಾಫ್ಟಿನ ಮೇಲೆ ತುಕ್ಕಿನ ಚುಕ್ಕೆ. ಸಕ್ಷನ್ ಜಾಲರಿಯ ಮೇಲೆ ಹಳಸಿದ ಗಂಜಿಯಂಥ ಪದರ. ಅದರಿಂದಾಗಿ ಪಂಪಿಗೆ ಎಣ್ಣೆ ಸಾಲದೆ ಕಲ್ಲು ಅರೆಯುವ ಸದ್ದು. ಇಂಥ ಸಂದಿನ ಸೋರಿಕೆಯ ನಿಯಮ ನಿರ್ದಯ: ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು, ಎಣ್ಣೆಯ ಮಂದತೆ ಅರ್ಧವಾದರೆ ಸೋರಿಕೆ ಎರಡು ಪಟ್ಟು. 68ರ ಗ್ರೇಡಿನ ಎಣ್ಣೆ (ಅಂಕ ಹೆಚ್ಚಿದಷ್ಟೂ ಎಣ್ಣೆ ಮಂದ) 40 ಡಿಗ್ರಿಯಲ್ಲಿ ಎಷ್ಟು ಮಂದವೋ 70ರಲ್ಲಿ ಅದರ ಮೂರನೇ ಒಂದು ಪಾಲೂ ಇರುವುದಿಲ್ಲ. 140 ಬಾರಿನಿಂದ ಸೊನ್ನೆಗೆ ಸೋರುವ 35 ಲೀಟರ್ ಎಂಟು ಕಿಲೋವ್ಯಾಟ್ ಶಾಖವಾಗುತ್ತದೆ, ಮನೆಯ ನಾಲ್ಕು ಗೀಸರ್ ಒಟ್ಟಿಗೆ ಹಾಕಿದಷ್ಟು. ಕೂಲರ್ ಕೈಕೊಟ್ಟರೆ 200 ಲೀಟರ್ ಎಣ್ಣೆ ಇದರಲ್ಲಿ ನಿಮಿಷಕ್ಕೆ ಒಂದೂವರೆ ಡಿಗ್ರಿಯಂತೆ ಏರುತ್ತದೆ. ಬಿಸಿಯಾದರೆ ತೆಳ್ಳಗೆ, ತೆಳ್ಳಗಾದರೆ ಇನ್ನೂ ಸೋರಿಕೆ, ಸೋರಿದರೆ ಇನ್ನೂ ಬಿಸಿ. ಬೆಳಗಿನ ಎಳೆತ ಸರಿಯಿದ್ದು ಮೂರನೆಯದು ಸೋತದ್ದು ಹೀಗೆ.

ರಿಪೇರಿ

ಹೋಸಿಗೆ ಸ್ಪ್ಯಾನರ್ ಹಾಕುವ ಮೊದಲು ರೋಪಿನ ಭಾರ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರನ್ನು ಹಿಂದೆ ಮುಂದೆ ನಾಲ್ಕು ಸಲ ಆಡಿಸಿ ಉಳಿದ ಒತ್ತಡ ಬಿಡಬೇಕು. ಸೋರುವ ಜಾಗ ಹುಡುಕಲು ಕೈ ಸವರುವ ಅಭ್ಯಾಸ ಹಲವರಿಗಿದೆ. ಸೂಜಿತೂತಿನಿಂದ ಹಾರುವ ಎಣ್ಣೆ ಚರ್ಮ ತೂರಿ ಒಳಹೋದರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಬೇಕು.

ಹಳೆಯ ಎಣ್ಣೆಯನ್ನು ಪೂರ್ತಿ ಖಾಲಿ ಪೀಪಾಯಿಗೆ ತೆಗೆದು, ಪರವಾನಗಿ ಇರುವ ಹಳೆ ಎಣ್ಣೆ ಖರೀದಿದಾರರಿಗೆ ಕೊಡಲಾಯಿತು. ಟ್ಯಾಂಕಿನ ಒಳಗನ್ನು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಕಾಟನ್ ವೇಸ್ಟ್ ಬಳಸಿದರೆ ಅದರ ಎಳೆಗಳು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಡೀಸೆಲ್ ಹಾಕಿ ತೊಳೆಯೋಣ ಎಂಬ ಸಲಹೆ ದಕ್ಕೆಯಲ್ಲಿ ಬಂದೇ ಬರುತ್ತದೆ. ಡೀಸೆಲಿನಲ್ಲಿ ಓಡಿದ ಪಂಪಿಗೆ ಪದರ ಸಿಗುವುದಿಲ್ಲ, ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ಇಲ್ಲಿ ಹೊಸ ಪಂಪು ಕೂರಿಸಿ, 32ರ ಗ್ರೇಡಿನ ತೆಳು ಎಣ್ಣೆ ತುಂಬಿ, ಹೊರೆಯಿಲ್ಲದೆ ಅರ್ಧ ಗಂಟೆ ಓಡಿಸಿ ಬಿಸಿಯಿರುವಾಗಲೇ ಬಸಿಯಲಾಯಿತು. ಎರಡನೇ ಸಲ ಬಸಿದ ಎಣ್ಣೆ ಕಾವಲಿಯಲ್ಲಿ ಸಿಡಿಯಲಿಲ್ಲ. ಆಮೇಲೆ ಹೊಸ 10 ಮೈಕ್ರಾನ್ ಫಿಲ್ಟರ್ ಮತ್ತು 68ರ ಹೈಡ್ರಾಲಿಕ್ ಎಣ್ಣೆ.

ಮೂರು ಕೊಳವೆಗಳಿಗೆ ಬಿರಡೆ ಹೊಡೆದು ಕೂಲರ್ ಉಳಿಸಬಹುದಿತ್ತು. ಹತ್ತರಲ್ಲೊಂದು ಕೊಳವೆ ಮುಚ್ಚಿದರೂ ಕೂಲರ್ ನಡೆದೀತು. ಆದರೆ ಕೆಳಸಾಲಿನ ಉಳಿದ ಕೊಳವೆಗಳಲ್ಲೂ ಗುಳಿಗಳು ಕಾಣುತ್ತಿದ್ದವು, ಹಾಗಾಗಿ ಕೊಳವೆಗಳ ಕಂತೆಯನ್ನೇ ಬದಲಿಸಿ ತಾಮ್ರ-ನಿಕ್ಕಲ್ ಮಿಶ್ರಲೋಹದ್ದನ್ನು ಹಾಕಿದ್ದು ಸರಿಯಾದ ತೀರ್ಮಾನ. ಸತುವಿನ ಹೊಸ ಪ್ಲಗ್ ಬಂತು. ರಿಲೀಫ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ಡ್ರಮ್ಮು ಬ್ರೇಕಿನಲ್ಲಿ ಬಿಗಿದು, ಗೇಜ್ ನೋಡುತ್ತ ಕಾಲು ಕಾಲು ಸುತ್ತು ಬಿಗಿಮಾಡಿ 160ಕ್ಕೆ ನಿಲ್ಲಿಸಿ ಲಾಕ್‌ನಟ್ ಹಾಕಲಾಯಿತು. ನೀರಿನ ಹೊರದಾರಿಯ ವಾಲ್ವಿನ ಹಿಡಿಯನ್ನು ತೆಗೆದೇಬಿಟ್ಟರು.

ಎಣ್ಣೆಯ ಟ್ಯಾಂಕು ಕೂಲರಿಗಿಂತ ಒಂದೂವರೆ ಮೀಟರ್ ಎತ್ತರದಲ್ಲಿದೆ. ಆ ಎಣ್ಣೆಕಂಬದ ಒತ್ತಡ 0.13 ಬಾರ್. ಹೊರದಾರಿ ತೆರೆದಿರುವ ಕೂಲರಿನಲ್ಲಿ ನೀರಿನ ಒತ್ತಡ ಅದಕ್ಕಿಂತ ಕೆಳಗೇ ಇರುವುದರಿಂದ ಇನ್ನು ಮುಂದೆ ತೂತಾದರೆ ವಿಂಚ್ ನಿಂತಾಗಲೂ ಎಣ್ಣೆಯೇ ಹೊರಹೋಗುತ್ತದೆ. ಅದೂ ನಷ್ಟವೇ, ಸಮುದ್ರಕ್ಕೂ ಕೊಳೆ. ಆದರೆ ಎಣ್ಣೆ ಇಳಿದರೆ ಬೋಟಿನಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಯಾರೂ ಆಗುವುದಿಲ್ಲ. ಗೇಜಿನ ಮೇಲೆ ಕೆಳಗಿನ ಗೆರೆಯ ಜೊತೆಗೆ ಮೇಲೆಯೂ ಒಂದು ಕೆಂಪು ಗೆರೆ ಎಳೆಯಲಾಗಿದೆ.

ಮುಂದಿನ ಟ್ರಿಪ್ಪಿನಲ್ಲಿ ಮೊದಲ ಎಳೆತ 10 ನಿಮಿಷ, ನಾಲ್ಕನೆಯದು 11. ಎಣ್ಣೆ 55 ಡಿಗ್ರಿ ದಾಟಲಿಲ್ಲ. ಜೂನ್‌ನಲ್ಲಿ ಬೋಟು ಕಟ್ಟುವಾಗ ಕೂಲರಿಗೆ ಕಾಲು ಗಂಟೆ ಸಿಹಿನೀರು ಹರಿಸಿ, ತಳದ ಪ್ಲಗ್ ಬಿಚ್ಚಿ, ಮುಚ್ಚಳ ತೆರೆದು ಕೊಳವೆಗಳಿಗೆ ಬ್ರಷ್ ಹಾಕಿ ಒಣಗಲು ಬಿಡಬೇಕು. ಬಿಚ್ಚಿದ ಪ್ಲಗ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಎಂಜಿನ್ನಿನ ಕೀಲಿಕೈಗೆ ಕಟ್ಟಿಟ್ಟರೆ, ಆಗಸ್ಟಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಅವನ್ನು ಹಾಕಲು ಯಾರಿಗೂ ಮರೆವು ಬಾರದು.